ಫಿಗ್ಮಾದಿಂದ ವೆಬ್‌ಸೈಟಿಗೆ: ‘ಅನುಮತಿ ಇಲ್ಲ’ ಎಂಬ ದೋಷವನ್ನು ಪತ್ತೆ ಹಚ್ಚುವ ಬಗೆ

ವಿನ್ಯಾಸ ರಚಿಸುವ ಸಾಧನವಾದ ಫಿಗ್ಮಾದಲ್ಲಿ ಸಿದ್ಧವಾದದ್ದನ್ನು ವೆಬ್‌ಸೈಟ್ ಕಟ್ಟುವ ಸಾಧನಗಳಾದ ವೆಬ್‌ಫ್ಲೋ ಅಥವಾ ವರ್ಡ್‌ಪ್ರೆಸ್‌ಗೆ ಸಾಗಿಸಲು ಪ್ಲಗಿನ್ (ಹೆಚ್ಚುವರಿ ಕೆಲಸಕ್ಕಾಗಿ ಸೇರಿಸುವ ಪುಟ್ಟ ತಂತ್ರಾಂಶ) ಜೋಡಿಸುವಾಗ ‘ಆಥರೈಸೇಷನ್ ಫೇಲ್ಡ್’, ‘ಫರ್ಬಿಡನ್’, ‘ಇನ್‌ವ್ಯಾಲಿಡ್ ಟೋಕನ್’ ಎಂಬ ಸಂದೇಶಗಳಲ್ಲಿ ಯಾವುದಾದರೊಂದು ಬಂದರೆ, ಬಹುತೇಕ ಎಲ್ಲರ ಕೈಯೂ ಮೊದಲು ಹೋಗುವುದು ‘ಡಿಸ್ಕನೆಕ್ಟ್’ ಗುಂಡಿಯತ್ತ. ಸಂಪರ್ಕ ಕಡಿದು ಮತ್ತೆ ಜೋಡಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ ಎಂಬುದು ನಿಜ. ಆದರೆ ಸರಿಹೋಗದಿದ್ದಾಗ ಎರಡು ನಷ್ಟಗಳಾಗುತ್ತವೆ: ಮೊದಲ ದೋಷದ ಕುರುಹು ಅಳಿಸಿಹೋಗುತ್ತದೆ, ಮತ್ತು ಅದೇ ಸಂಪರ್ಕವನ್ನು ನಂಬಿಕೊಂಡು ನಡೆಯುತ್ತಿದ್ದ ಬೇರೆಯವರ ಕೆಲಸವೂ ನಿಂತುಹೋಗುತ್ತದೆ. ಆದ್ದರಿಂದ ಈ ಕೈಪಿಡಿಯ ಮೊದಲ ಸೂಚನೆ ಏನನ್ನೂ ಮಾಡದಿರುವುದು. ಪರದೆಯ ಚಿತ್ರ ತೆಗೆದುಕೊಳ್ಳಿ, ಸಮಯ ಬರೆದಿಟ್ಟುಕೊಳ್ಳಿ, ಆಮೇಲೆ ಮುಂದುವರಿಯಿರಿ.

ಇಂಥ ಜೋಡಣೆಗಳಲ್ಲಿ ಹೆಚ್ಚಿನವು ಓಆತ್ 2.0 ಎಂಬ ಪದ್ಧತಿಯ ಮೇಲೆ ನಿಂತಿವೆ. 2012ರ ಅಕ್ಟೋಬರಿನಲ್ಲಿ ಆರ್‌ಎಫ್‌ಸಿ 6749 ಎಂಬ ದಾಖಲೆಯಾಗಿ ಪ್ರಕಟವಾದ ಈ ಪದ್ಧತಿಯ ತಿರುಳು ಇಷ್ಟು: ನಿಮ್ಮ ಪಾಸ್‌ವರ್ಡನ್ನು ಪ್ಲಗಿನ್ನಿಗೆ ಕೊಡುವ ಬದಲು, ನಿಮ್ಮ ಪರವಾಗಿ ಕೆಲವೇ ಕೆಲಸಗಳನ್ನು ಮಾಡಲು ಅದಕ್ಕೊಂದು ಟೋಕನ್ ಕೊಡುವುದು. ಟೋಕನನ್ನು ಮುಖ್ತಿಯಾರು ಪತ್ರದಂತೆ ಭಾವಿಸಿಕೊಂಡರೆ ಪತ್ತೆಯ ಕೆಲಸ ಸುಲಭವಾಗುತ್ತದೆ. ಯಾರು ಬರೆದುಕೊಟ್ಟರು, ಯಾರಿಗೆ ಕೊಟ್ಟರು, ಯಾವ ಆಸ್ತಿಗೆ, ಏನೇನು ಮಾಡಲು, ಎಲ್ಲಿಯವರೆಗೆ ಎಂಬ ಐದು ಸಂಗತಿಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಅವುಗಳಲ್ಲಿ ಒಂದು ತಪ್ಪಿದ್ದರೂ ಪತ್ರ ನಡೆಯುವುದಿಲ್ಲ. ಐದೂ ಸರಿಯಿದ್ದು ಪತ್ರ ದಾರಿಯಲ್ಲೇ ಕಳೆದುಹೋದರೂ ನಡೆಯುವುದಿಲ್ಲ. ಪಾಸ್‌ವರ್ಡ್ ತಪ್ಪಾಗಿರುವುದು ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಬೇಕು, ಏಕೆಂದರೆ ಜನ ಮೊದಲು ಬದಲಾಯಿಸುವುದು ಅದನ್ನೇ.

ಸಂಖ್ಯೆ ಏನು ಹೇಳುತ್ತದೆ

ಪ್ಲಗಿನ್ ತೋರಿಸುವ ವಾಕ್ಯ ಅದನ್ನು ಬರೆದವರು ಆರಿಸಿಕೊಂಡ ಮಾತು. ಅದರ ಹಿಂದೆ ಸರ್ವರ್ ಕೊಟ್ಟ ಸಂಖ್ಯೆಯೇ ಮುಖ್ಯ. ಬ್ರೌಸರಿನಲ್ಲಿ ಕೆಲಸ ಮಾಡುತ್ತಿದ್ದರೆ ಎಫ್12 ಒತ್ತಿ, ‘ನೆಟ್‌ವರ್ಕ್’ ವಿಭಾಗ ತೆರೆದಿಟ್ಟುಕೊಂಡು, ದೋಷ ಮತ್ತೊಮ್ಮೆ ಬರುವಂತೆ ಮಾಡಿ, ಕೆಂಪಾದ ಸಾಲನ್ನು ನೋಡಬೇಕು. 401 ಎಂದರೆ ‘ನೀನು ಯಾರೆಂದು ನನಗೆ ಗೊತ್ತಾಗಲಿಲ್ಲ’. ಟೋಕನ್ ಬಂದಿಲ್ಲ, ಅವಧಿ ಮೀರಿದೆ, ಅಥವಾ ಹಾಳಾಗಿದೆ. 403 ಎಂದರೆ ‘ನಿನ್ನ ಕೋರಿಕೆ ಅರ್ಥವಾಯಿತು, ಆದರೆ ಇದನ್ನು ಮಾಡಲು ಬಿಡುವುದಿಲ್ಲ’. ಮೊದಲನೆಯದಕ್ಕೆ ಮತ್ತೆ ಲಾಗಿನ್ ಆಗುವುದು ಮದ್ದಾಗಬಹುದು, ಎರಡನೆಯದಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. 404 ಬಂದರೆ ಕಡತವೇ ಇಲ್ಲ ಎಂದು ತೀರ್ಮಾನಿಸಬಾರದು, ಏಕೆಂದರೆ ನೋಡುವ ಹಕ್ಕಿಲ್ಲದವರಿಗೆ ಕಡತ ಇರುವುದನ್ನೇ ತಿಳಿಸಬಾರದೆಂದು ಎಷ್ಟೋ ಸರ್ವರ್‌ಗಳು 403ರ ಬದಲು 404 ಕೊಡುತ್ತವೆ. 429 ಅನುಮತಿಯ ದೋಷವಲ್ಲ. ಕಡಿಮೆ ಹೊತ್ತಿನಲ್ಲಿ ಹೆಚ್ಚು ಕೋರಿಕೆ ಕಳಿಸಿದ್ದೀರಿ, ಸ್ವಲ್ಪ ಕಾಯಬೇಕು.

ಎಲ್ಲ ಸಾಧನಗಳೂ ಈ ಸಂಖ್ಯೆಗಳನ್ನು ಒಂದೇ ನಿಷ್ಠೆಯಿಂದ ಬಳಸುವುದಿಲ್ಲ. ವರ್ಡ್‌ಪ್ರೆಸ್ ಈ ವಿಷಯದಲ್ಲಿ ಬಹುಮಟ್ಟಿಗೆ ಕರಾರುವಾಕ್ಕು: ಲಾಗಿನ್ ಆಗಿರದಿದ್ದರೆ 401, ಲಾಗಿನ್ ಆಗಿದ್ದೂ ಹಕ್ಕಿಲ್ಲದಿದ್ದರೆ 403. ಫಿಗ್ಮಾದ ಎಪಿಐ (ಬೇರೆ ತಂತ್ರಾಂಶಗಳು ಅದರೊಡನೆ ವ್ಯವಹರಿಸುವ ದ್ವಾರ) ಮಾತ್ರ ಟೋಕನ್ ಕೆಟ್ಟಿದ್ದರೂ 403 ಕೊಟ್ಟು, ಜೊತೆಗೆ ‘ಇನ್‌ವ್ಯಾಲಿಡ್ ಟೋಕನ್’ ಎಂಬ ಪಠ್ಯ ಕಳಿಸುತ್ತದೆ. ಹಾಗಾಗಿ ಫಿಗ್ಮಾದ ಕಡೆಯಿಂದ 403 ಬಂದಾಗ ಸಂಖ್ಯೆಯನ್ನಷ್ಟೇ ನೋಡಿ ‘ಹಕ್ಕು ಸಾಲದು’ ಎಂದು ಕಡತದ ಮಾಲೀಕರಿಗೆ ದುಂಬಾಲು ಬೀಳುವ ಮೊದಲು, ಅದರ ಜೊತೆಗಿರುವ ಪಠ್ಯವನ್ನು ಓದಲೇಬೇಕು.

ಸಂಖ್ಯೆಯೇ ಇಲ್ಲದೆ ‘ಫೇಲ್ಡ್ ಟು ಫೆಚ್’ ಎಂದಷ್ಟೇ ಬಂದರೆ ಕೋರಿಕೆಯನ್ನು ತಡೆದದ್ದು ಬ್ರೌಸರೇ ಆಗಿರಬಹುದು. ಫಿಗ್ಮಾ ಪ್ಲಗಿನ್‌ಗಳ ಕಿಟಕಿಗೆ ಸ್ವಂತ ವಿಳಾಸವಿರುವುದಿಲ್ಲ. ಅದರ ಮೂಲ ‘ನಲ್’, ಅಂದರೆ ಖಾಲಿ, ಎಂದೇ ದಾಖಲಾಗುತ್ತದೆ. ನಿಮ್ಮ ಸರ್ವರ್ ಗುರುತಿರುವ ವಿಳಾಸಗಳಿಗೆ ಮಾತ್ರ ಉತ್ತರ ಕೊಡುವಂತೆ ಹೊಂದಿಸಿದ್ದರೆ ಈ ಅನಾಮಧೇಯ ಕೋರಿಕೆಗೆ ಅಲ್ಲಿ ಜಾಗವಿಲ್ಲ. ಇನ್ನೊಂದು ಸೂಕ್ಷ್ಮವೂ ಉಂಟು. ನಿಜವಾದ ಕೋರಿಕೆಗೆ ಮುಂಚೆ ಬ್ರೌಸರ್ ‘ಕಳಿಸಬಹುದೇ’ ಎಂದು ಕೇಳುವ ಒಂದು ಪೂರ್ವಕೋರಿಕೆ ಕಳಿಸುತ್ತದೆ, ಮತ್ತು ಅದರಲ್ಲಿ ಟೋಕನ್ ಇರುವುದಿಲ್ಲ. ಭದ್ರತೆಯ ಹುಮ್ಮಸ್ಸಿನಲ್ಲಿ ಯಾರಾದರೂ ಪೂರ್ವಕೋರಿಕೆಗೂ ಟೋಕನ್ ಕಡ್ಡಾಯ ಮಾಡಿದ್ದರೆ, ಟೋಕನ್ ಎಷ್ಟೇ ಸರಿಯಿದ್ದರೂ ಅದು ಹೊರಡುವುದೇ ಇಲ್ಲ.

ಪತ್ರ ಬರೆದುಕೊಟ್ಟವರು ಯಾರು

ನಾನು ಕಂಡ ಪ್ರಕರಣಗಳಲ್ಲಿ ಅತಿ ಹೆಚ್ಚು ಸಮಯ ತಿಂದದ್ದೂ, ಕೊನೆಗೆ ಅತಿ ಸಣ್ಣದಾಗಿ ಕಂಡದ್ದೂ ಖಾತೆಯ ಅದಲುಬದಲು. ಫಿಗ್ಮಾದ ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ಕಚೇರಿಯ ಇಮೇಲಿನಿಂದ ಲಾಗಿನ್ ಆಗಿರುತ್ತಾರೆ. ಪ್ಲಗಿನ್ನಿನಲ್ಲಿ ‘ಆಥರೈಸ್’ ಒತ್ತಿದಾಗ ಒಪ್ಪಿಗೆಯ ಪುಟ ತೆರೆದುಕೊಳ್ಳುವುದು ಡೆಸ್ಕ್‌ಟಾಪ್ ಆ್ಯಪಿನಲ್ಲಲ್ಲ, ಕಂಪ್ಯೂಟರಿನ ಡೀಫಾಲ್ಟ್ ಬ್ರೌಸರಿನಲ್ಲಿ. ಆ ಬ್ರೌಸರಿನಲ್ಲಿ ಸ್ವಂತ ಜಿಮೇಲ್ ಖಾತೆ ತೆರೆದಿದ್ದರೆ ಒಪ್ಪಿಗೆ ಹೋಗುವುದು ಆ ಖಾತೆಯ ಹೆಸರಿನಲ್ಲಿ. ಎಲ್ಲವೂ ಹಸಿರು ಗುರುತಿನೊಂದಿಗೆ ಮುಗಿಯುತ್ತದೆ, ‘ಕನೆಕ್ಟೆಡ್’ ಎಂದೂ ಬರುತ್ತದೆ. ಆದರೆ ಆ ಖಾತೆಗೆ ಕಚೇರಿಯ ಸೈಟು ಕಾಣುವುದೇ ಇಲ್ಲ.

ನಮ್ಮಲ್ಲಿ ಕೆಲಸ ಮಾಡುವ ಒಬ್ಬ ವಿನ್ಯಾಸಕಿ ಒಂದು ಸಂಜೆ ಫೋನ್ ಮಾಡಿ, “ಸರ್, ಮೂರು ಸಲ ಪಾಸ್‌ವರ್ಡ್ ಬದಲಾಯಿಸಿದೆ, ಆದರೂ ಸೈಟಿನ ಪಟ್ಟಿ ಖಾಲಿ ತೋರಿಸುತ್ತಿದೆ” ಎಂದರು. “ಒಪ್ಪಿಗೆ ಕೊಡುವ ಪುಟದಲ್ಲಿ ಯಾವ ಇಮೇಲ್ ಬರೆದಿದೆ, ಅಕ್ಷರ ಅಕ್ಷರ ಓದಿ ಹೇಳಿ” ಎಂದೆ. ಅರ್ಧ ಓದುವಷ್ಟರಲ್ಲೇ ಅವರು ನಕ್ಕುಬಿಟ್ಟರು. ಅದು ಅವರ ತಮ್ಮನ ಖಾತೆ. ಹಿಂದಿನ ದಿನ ಕಾಲೇಜಿನ ಯಾವುದೋ ಅರ್ಜಿ ತುಂಬಲು ಅವನು ಅದೇ ಲ್ಯಾಪ್‌ಟಾಪ್ ತೆಗೆದುಕೊಂಡಿದ್ದನಂತೆ.

ಪರೀಕ್ಷಿಸುವ ಬಗೆ ಸರಳ. ಇನ್‌ಕಾಗ್ನಿಟೊ ಕಿಟಕಿ ತೆರೆದು, ಡೆಸ್ಕ್‌ಟಾಪ್ ಆ್ಯಪ್ ಬಿಟ್ಟು ಫಿಗ್ಮಾವನ್ನೂ ಅದೇ ಕಿಟಕಿಯಲ್ಲಿ ತೆರೆದು, ಎರಡೂ ಕಡೆ ಒಂದೊಂದೇ ಖಾತೆಯಿಂದ ಲಾಗಿನ್ ಆಗಿ ಜೋಡಿಸಿ ನೋಡಬೇಕು. ಇಲ್ಲಿ ಕೆಲಸ ಮಾಡಿ ಮಾಮೂಲಿ ಬ್ರೌಸರಿನಲ್ಲಿ ಮಾಡದಿದ್ದರೆ ದೋಷ ಖಾತೆಯದ್ದು, ಕುಕಿಯದ್ದು (ಸೈಟುಗಳು ಬ್ರೌಸರಿನಲ್ಲಿ ಇಡುವ ಚಿಕ್ಕ ಗುರುತು) ಅಥವಾ ಬ್ರೌಸರ್ ಎಕ್ಸ್‌ಟೆನ್ಷನ್‌ನದ್ದು. ಸರ್ವರ್ ಕಡೆ ತಲೆ ಹಾಕುವ ಅಗತ್ಯವಿಲ್ಲ.

ಖಾತೆ ಸರಿಯಿದ್ದೂ ಆಸ್ತಿ ತಪ್ಪಿರಬಹುದು. ವೆಬ್‌ಫ್ಲೋ ಒಪ್ಪಿಗೆ ಕೇಳುವಾಗ ಯಾವ ವರ್ಕ್‌ಸ್ಪೇಸ್ (ತಂಡದ ಸೈಟುಗಳಿರುವ ಜಾಗ), ಯಾವ ಸೈಟು ಎಂದೂ ಆರಿಸಲು ಹೇಳುತ್ತದೆ. ಆ ದಿನ ಮೂರು ಸೈಟುಗಳಿಗೆ ಒಪ್ಪಿಗೆ ಕೊಟ್ಟು, ತಿಂಗಳ ನಂತರ ನಾಲ್ಕನೆಯ ಸೈಟು ಮಾಡಿದರೆ ಹಳೆಯ ಒಪ್ಪಿಗೆ ಅದಕ್ಕೆ ತಾನಾಗಿ ಹಬ್ಬುತ್ತದೆಂದು ನಂಬಬಾರದು. ಹೊಸ ಆ್ಯಪ್ ಜೋಡಿಸುವ ಅಧಿಕಾರ ಕೂಡ ತಂಡದ ಎಲ್ಲರಿಗೂ ಇರುವುದಿಲ್ಲ. ಸಾಮಾನ್ಯವಾಗಿ ಅದು ವರ್ಕ್‌ಸ್ಪೇಸ್‌ನ ಮಾಲೀಕರಿಗೋ ಅಡ್ಮಿನ್‌ಗೋ ಮೀಸಲು. ಫಿಗ್ಮಾದಲ್ಲೂ ವಿನ್ಯಾಸದ ಕಡತವನ್ನು ನೋಡಲು ಮಾತ್ರ ಅನುಮತಿ ಇದ್ದವರು ಸಂಪಾದನೆಯ ಪ್ಲಗಿನ್ ನಡೆಸಲಾಗದು, ಮತ್ತು ದೊಡ್ಡ ಸಂಸ್ಥೆಗಳ ಅಡ್ಮಿನ್‌ಗಳು ಒಪ್ಪಿದ ಪ್ಲಗಿನ್‌ಗಳನ್ನಷ್ಟೇ ಬಿಡುವಂತೆ ಬಿಗಿ ಮಾಡಿರಬಹುದು. ಇವೆಲ್ಲ ಕೇಳಿ ಪಡೆಯಬೇಕಾದ ಹಕ್ಕುಗಳು. ತಾಂತ್ರಿಕ ದುರಸ್ತಿ ಎಂಬುದು ಇಲ್ಲಿ ಏನೂ ಇಲ್ಲ.

ಒಪ್ಪಿಗೆ ಕೊಟ್ಟು ಹಿಂದಿರುಗುವ ದಾರಿ

ನೀವೇ ಆ್ಯಪ್ ಬರೆದು ಜೋಡಿಸುತ್ತಿದ್ದರೆ ಈ ಭಾಗ ಮುಖ್ಯ. ಸಿದ್ಧ ಪ್ಲಗಿನ್ ಬಳಸುವವರು ಇದನ್ನು ದಾಟಿ ಹೋಗಬಹುದು. ಒಪ್ಪಿಗೆಯ ನಂತರ ಬ್ರೌಸರ್ ಎಲ್ಲಿಗೆ ಮರಳಬೇಕು ಎಂಬ ರೀಡೈರೆಕ್ಟ್ ವಿಳಾಸವನ್ನು ಮೊದಲೇ ನೋಂದಾಯಿಸಿರುತ್ತೇವೆ. ಕೋರಿಕೆಯಲ್ಲಿ ಕಳಿಸುವ ವಿಳಾಸ ಅದಕ್ಕೆ ಅಕ್ಷರಶಃ ಹೊಂದಬೇಕು. ಕೊನೆಯಲ್ಲೊಂದು ಓರೆಗೆರೆ ಹೆಚ್ಚಾದರೂ, ಎಚ್‌ಟಿಟಿಪಿಎಸ್ ಇರಬೇಕಾದಲ್ಲಿ ಎಚ್‌ಟಿಟಿಪಿ ಇದ್ದರೂ, ‘ಲೋಕಲ್‌ಹೋಸ್ಟ್’ ಎಂದು ನೋಂದಾಯಿಸಿ 127.0.0.1 ಎಂದು ಕಳಿಸಿದರೂ ಬಾಗಿಲು ಮುಚ್ಚುತ್ತದೆ, ಏಕೆಂದರೆ ಹೋಲಿಕೆ ನಡೆಯುವುದು ಅರ್ಥದಿಂದಲ್ಲ, ಅಕ್ಷರಗಳಿಂದ. ಕಣ್ಣಿನಿಂದ ಹೋಲಿಸಲು ಹೋಗಬೇಡಿ. ಎರಡೂ ವಿಳಾಸಗಳನ್ನು ಒಂದರ ಕೆಳಗೊಂದು ನೋಟ್‌ಪ್ಯಾಡಿನಲ್ಲಿ ಅಂಟಿಸಿದರೆ ಉದ್ದದ ವ್ಯತ್ಯಾಸ ತಾನೇ ಎದ್ದು ಕಾಣುತ್ತದೆ.

ಕನ್ನಡ ಲಿಪಿಯ ‘.ಭಾರತ’ ವಿಳಾಸ ಇಟ್ಟುಕೊಂಡವರಿಗೆ ಇಲ್ಲಿ ಇನ್ನೊಂದು ಎಡವು ಇದೆ. ವಿಳಾಸಪಟ್ಟಿಯಲ್ಲಿ ಕನ್ನಡ ಅಕ್ಷರಗಳು ಕಂಡರೂ ಜಾಲದ ಒಳಗೆ ಆ ಹೆಸರು ಸಂಚರಿಸುವುದು ‘ಎಕ್ಸ್‌ಎನ್’ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ಲ್ಯಾಟಿನ್ ರೂಪದಲ್ಲಿ. ನೋಂದಣಿಯಲ್ಲಿ ಕನ್ನಡದಲ್ಲಿ ಬರೆದು, ಕೋರಿಕೆಯಲ್ಲಿ ಲ್ಯಾಟಿನ್ ರೂಪ ಹೋದರೆ ಹೊಂದಾಣಿಕೆ ತಪ್ಪುವ ಸಾಧ್ಯತೆ ಇದೆ. ಎರಡೂ ಕಡೆ ಆ ಲ್ಯಾಟಿನ್ ರೂಪವನ್ನೇ ಬಳಸುವುದು ಕ್ಷೇಮ. ನಮ್ಮ ಲಿಪಿಯನ್ನು ನಾವೇ ಬದಿಗಿಡಬೇಕಾಗುವುದು ಬೇಸರದ ಸಂಗತಿ, ಆದರೆ ದೋಷ ನಿವಾರಣೆಯ ಹೊತ್ತಿನಲ್ಲಿ ವಾದಕ್ಕೆ ಬಿಡುವಿರುವುದಿಲ್ಲ.

ಬ್ರೌಸರ್ ಮರಳುವಾಗ ತರುವುದು ಟೋಕನ್ ಅಲ್ಲ, ಅದನ್ನು ಪಡೆಯಲು ಕೊಡಬೇಕಾದ ಒಂದು ಕೋಡ್. ಈ ಕೋಡ್ ಒಂದೇ ಬಾರಿಗೆ ಸಲ್ಲುತ್ತದೆ. ಅದರ ಆಯುಷ್ಯ 10 ನಿಮಿಷ ಮೀರದಿರಲಿ ಎಂಬುದು ಓಆತ್‌ನ ಮೂಲ ದಾಖಲೆಯ ಶಿಫಾರಸು. ಫಿಗ್ಮಾ ಇನ್ನೂ ಬಿಗಿಯಾಗಿ 30 ಸೆಕೆಂಡುಗಳಷ್ಟೇ ಕೊಡುತ್ತದೆ. ಹಾಗಾಗಿ ಕೋಡನ್ನು ಕೈಯಾರೆ ನಕಲು ಮಾಡಿ, ಇನ್ನೊಂದು ಕಿಟಕಿಗೆ ಅಂಟಿಸಿ, ಆದೇಶ ಬರೆದು ಪರೀಕ್ಷಿಸುವಷ್ಟರಲ್ಲಿ ಅದು ಸತ್ತಿರುತ್ತದೆ ಮತ್ತು ‘ಇನ್‌ವ್ಯಾಲಿಡ್ ಗ್ರಾಂಟ್’ ಎಂಬ ಉತ್ತರ ಬರುತ್ತದೆ. ಮರಳಿದ ಪುಟವನ್ನು ರಿಫ್ರೆಶ್ ಮಾಡಿದರೂ ಅದೇ ಉತ್ತರ, ಏಕೆಂದರೆ ಬಳಸಿದ ಕೋಡ್ ಎರಡನೆಯ ಸಲ ಹೋಗಿರುತ್ತದೆ. ‘ಇನ್‌ವ್ಯಾಲಿಡ್ ಕ್ಲೈಂಟ್’ ಎಂಬುದು ಬೇರೆಯದೇ ಜಾತಿ: ಆ್ಯಪಿನ ಗುರುತು ಅಥವಾ ರಹಸ್ಯ ಕೀಲಿ ತಪ್ಪಾಗಿದೆ ಎಂದು ಅರ್ಥ, ಬಹಳ ಸಲ ಅಂಟಿಸುವಾಗ ಕೊನೆಯಲ್ಲಿ ಸೇರಿಕೊಂಡ ಒಂದು ಖಾಲಿ ಜಾಗದಿಂದ. ‘ಸ್ಟೇಟ್ ಮಿಸ್‌ಮ್ಯಾಚ್’ ಎಂದರೆ ಹೊರಡುವಾಗ ಬ್ರೌಸರಿನಲ್ಲಿ ಇಟ್ಟ ಗುರುತು ಮರಳುವಾಗ ಸಿಗಲಿಲ್ಲ. ಕುಕಿ ತಡೆಯಲ್ಪಟ್ಟಿರಬಹುದು, ಸಫಾರಿ 2020ರಿಂದಲೇ ಮೂರನೆಯವರ ಕುಕಿಗಳನ್ನು ಪೂರ್ತಿ ತಡೆಯುತ್ತಿದೆ. ಒಂದು ಬ್ರೌಸರಿನಲ್ಲಿ ಆರಂಭಿಸಿ ಇನ್ನೊಂದರಲ್ಲಿ ಮುಗಿಸಿದರೂ ಹೀಗೇ ಆಗುತ್ತದೆ.

ಟೋಕನ್ ಸಿಕ್ಕಿದೆ, ಓದಲು ಬರುತ್ತದೆ, ಬರೆಯಲು ಬರುವುದಿಲ್ಲ ಎಂದಾದರೆ ಸ್ಕೋಪ್, ಅಂದರೆ ಆ ಟೋಕನ್ನಿಗೆ ಒಪ್ಪಿಸಿದ ಕೆಲಸಗಳ ವ್ಯಾಪ್ತಿ, ಕಡಿಮೆ. ವೆಬ್‌ಫ್ಲೋ ಇಂಥ ಸಂದರ್ಭದಲ್ಲಿ ಯಾವ ಸ್ಕೋಪ್ ಇಲ್ಲವೆಂದು ಹೆಸರಿಸಿಯೇ ಹೇಳುತ್ತದೆ. ಒಂದು ಮಾತು ನೆನಪಿಡಬೇಕು: ಆ್ಯಪಿನ ಸೆಟ್ಟಿಂಗ್‌ನಲ್ಲಿ ಸ್ಕೋಪ್ ಸೇರಿಸಿದ ಮಾತ್ರಕ್ಕೆ ಈಗಾಗಲೇ ಕೊಟ್ಟ ಟೋಕನ್ ಬೆಳೆಯುವುದಿಲ್ಲ, ಬಳಕೆದಾರರು ಮತ್ತೆ ಒಪ್ಪಿಗೆ ಕೊಡಬೇಕು. ಸಂಪರ್ಕ ಕಡಿದು ಜೋಡಿಸುವುದು ನಿಜಕ್ಕೂ ಸರಿಯಾದ ಮದ್ದಾಗುವ ಸಂದರ್ಭ ಇದು.

ವರ್ಡ್‌ಪ್ರೆಸ್: ದಾರಿಯಲ್ಲಿ ಕಳೆದುಹೋದ ಪತ್ರ

ವರ್ಡ್‌ಪ್ರೆಸ್‌ನಲ್ಲಿ ಹೊರಗಿನ ಸಾಧನಗಳಿಗಾಗಿ ‘ಅಪ್ಲಿಕೇಷನ್ ಪಾಸ್‌ವರ್ಡ್’ ಎಂಬ ವ್ಯವಸ್ಥೆ 5.6ನೇ ಆವೃತ್ತಿಯಿಂದ, ಅಂದರೆ 2020ರ ಡಿಸೆಂಬರಿನಿಂದ ಇದೆ. ಬಳಕೆದಾರರ ಪ್ರೊಫೈಲ್ ಪುಟದಲ್ಲಿ ಅದನ್ನು ಸೃಷ್ಟಿಸಿದರೆ ನಾಲ್ಕು ನಾಲ್ಕರ ಗುಂಪುಗಳಲ್ಲಿ 24 ಅಕ್ಷರಗಳು ಒಂದೇ ಒಂದು ಸಲ ಕಾಣಿಸಿಕೊಳ್ಳುತ್ತವೆ. ನಡುವಿನ ಖಾಲಿ ಜಾಗ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ. ಲಾಗಿನ್ ಪುಟದ ಮಾಮೂಲಿ ಪಾಸ್‌ವರ್ಡ್ ಮಾತ್ರ ಇಲ್ಲಿ ನಡೆಯುವುದಿಲ್ಲ. ಪ್ರೊಫೈಲ್ ಪುಟದಲ್ಲಿ ಆ ವಿಭಾಗವೇ ಕಾಣದಿದ್ದರೆ ಸೈಟು ಎಚ್‌ಟಿಟಿಪಿಎಸ್ ಮೇಲೆ ಇಲ್ಲ, ಅಥವಾ ಯಾವುದೋ ಭದ್ರತಾ ಪ್ಲಗಿನ್ ಅದನ್ನು ಮುಚ್ಚಿದೆ.

ಪಾಸ್‌ವರ್ಡ್ ಸರಿಯಿದ್ದೂ 401 ಬರುತ್ತಿದ್ದರೆ ಸಂಶಯಿಸಬೇಕಾದದ್ದು ದಾರಿಯನ್ನು. ಅಪಾಚೆ ಸರ್ವರ್‌ಗಳಲ್ಲಿ ಪಿಎಚ್‌ಪಿಯನ್ನು (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಸಿಜಿಐ ಅಥವಾ ಫಾಸ್ಟ್‌ಸಿಜಿಐ ಎಂಬ ಕೊಂಡಿಗಳ ಮೂಲಕ ನಡೆಸುವಾಗ ‘ಆಥರೈಸೇಷನ್’ ಹೆಡರ್, ಅಂದರೆ ಕೋರಿಕೆಯ ತಲೆಯಲ್ಲಿ ಗುರುತನ್ನು ಹೊತ್ತ ಸಾಲು, ವರ್ಡ್‌ಪ್ರೆಸ್ ತನಕ ತಲುಪದೇ ಹೋಗುವುದುಂಟು. ವರ್ಡ್‌ಪ್ರೆಸ್‌ನ ‘ಸೈಟ್ ಹೆಲ್ತ್’ ಪುಟ ಇದನ್ನು ತಾನೇ ಪರೀಕ್ಷಿಸಿ, ಹೆಡರ್ ಬರುತ್ತಿಲ್ಲವಾದರೆ ತಿಳಿಸುತ್ತದೆ. ‘ಪರ್ಮಾಲಿಂಕ್ಸ್’ ಪುಟಕ್ಕೆ ಹೋಗಿ ಏನನ್ನೂ ಬದಲಿಸದೆ ‘ಸೇವ್’ ಒತ್ತಿದರೆ ಎಚ್‌ಟಿಆಕ್ಸೆಸ್ ಎಂಬ ಸರ್ವರ್ ಸೆಟ್ಟಿಂಗ್ ಕಡತದ ನಿಯಮಗಳು ಹೊಸದಾಗಿ ಬರೆಯಲ್ಪಡುತ್ತವೆ, ಮತ್ತು 5.6ರ ನಂತರದ ನಿಯಮಗಳಲ್ಲಿ ಆ ಹೆಡರನ್ನು ಒಳಗೆ ಬಿಡುವ ಸಾಲೂ ಇರುತ್ತದೆ.

ನಾವೇ ಸಿಕ್ಕಿಬಿದ್ದದ್ದು ಇದರಲ್ಲಲ್ಲ, ಇದಕ್ಕಿಂತ ನುಣುಚಿಕೊಳ್ಳುವ ಇನ್ನೊಂದರಲ್ಲಿ. ಒಂದು ಸಹಕಾರ ಸಂಘದ ಸೈಟಿಗೆ ಫಿಗ್ಮಾದ ಬ್ಯಾನರ್ ಚಿತ್ರಗಳನ್ನು ಏರಿಸಲು ನಾವೇ ಬರೆದುಕೊಂಡ ಚಿಕ್ಕ ಸ್ಕ್ರಿಪ್ಟ್ ಇತ್ತು. ಅದು ಮೊದಲು ‘ನಾನು ಯಾರು’ ಎಂದು ಸೈಟನ್ನು ಕೇಳಿ, ಉತ್ತರ ಬಂದರೆ ಮಾತ್ರ ಮುಂದುವರಿಯುತ್ತಿತ್ತು. ಒಂದು ದಿನ ಆ ಪ್ರಶ್ನೆಗೆ 401 ಬರತೊಡಗಿತು. ಸೈಟ್ ಹೆಲ್ತ್ ಎಲ್ಲ ಸರಿಯಿದೆ ಎನ್ನುತ್ತಿತ್ತು. ಹೊಸ ಅಪ್ಲಿಕೇಷನ್ ಪಾಸ್‌ವರ್ಡ್ ಮಾಡಿದೆವು, ಮತ್ತೊಂದು ಮಾಡಿದೆವು, ಫಲವಿಲ್ಲ. ಕೊನೆಗೆ ಕೋರಿಕೆ ಹೋಗುವ ದಾರಿಯನ್ನು ಸಾಲು ಸಾಲಾಗಿ ಮುದ್ರಿಸಿ ನೋಡಿದಾಗ ನಡುವೆ ಒಂದು 301, ಅಂದರೆ ‘ವಿಳಾಸ ಬದಲಾಗಿದೆ, ಅಲ್ಲಿಗೆ ಹೋಗು’ ಎಂಬ ಉತ್ತರ, ಕಂಡಿತು. ಹಿಂದಿನ ವಾರ ಸೈಟಿನ ಮುಖ್ಯ ವಿಳಾಸಕ್ಕೆ ‘ಡಬ್ಲ್ಯು ಡಬ್ಲ್ಯು ಡಬ್ಲ್ಯು’ ಸೇರಿಸಲಾಗಿತ್ತು. ನಮ್ಮ ಸ್ಕ್ರಿಪ್ಟ್ ಹಳೆಯ ವಿಳಾಸಕ್ಕೇ ಹೋಗಿ, ಅಲ್ಲಿಂದ ಹೊಸ ವಿಳಾಸಕ್ಕೆ ತಿರುಗಿಸಲ್ಪಡುತ್ತಿತ್ತು. ಒಂದು ಹೋಸ್ಟ್‌ನಿಂದ ಇನ್ನೊಂದಕ್ಕೆ ತಿರುಗುವಾಗ ಗುರುತಿನ ಹೆಡರನ್ನು ಕಳಚಿಬಿಡುವುದು ಕೋರಿಕೆ ಕಳಿಸುವ ಕರ್ಲ್‌ನಂಥ ಸಾಧನಗಳ ಭದ್ರತಾ ನಿಯಮ, ಇಲ್ಲದಿದ್ದರೆ ನಿಮ್ಮ ಕೀಲಿ ಯಾರದೋ ಸರ್ವರಿಗೆ ಹೋದೀತು. ಪತ್ರ ಸರಿಯಿತ್ತು; ಅರ್ಧ ದಾರಿಯಲ್ಲಿ ಇಳಿಸಲಾಗಿತ್ತು. ಸ್ಕ್ರಿಪ್ಟಿನಲ್ಲಿ ನಾಲ್ಕು ಅಕ್ಷರ ಸೇರಿಸಿದ ಮೇಲೆ, ಅಂದರೆ ಮೂರು ಡಬ್ಲ್ಯು ಮತ್ತು ಒಂದು ಚುಕ್ಕೆ, ಕೆಲಸ ನಡೆಯಿತು.

ಆ ಮೊದಲ ಪ್ರಶ್ನೆ ಇಲ್ಲದೆ ಸ್ಕ್ರಿಪ್ಟ್ ನೇರವಾಗಿ ಹೊಸ ಬರಹ (ಪೋಸ್ಟ್) ಕಳಿಸುವಂತಿದ್ದರೆ ಇನ್ನೂ ವಿಚಿತ್ರವಾಗುತ್ತಿತ್ತು. 301ರಲ್ಲಿ ತಿರುಗುವಾಗ ‘ಪೋಸ್ಟ್’ ಎಂಬ ಬರೆಯುವ ಕೋರಿಕೆ ಸಾಮಾನ್ಯವಾಗಿ ‘ಗೆಟ್’ ಎಂಬ ಓದುವ ಕೋರಿಕೆಯಾಗಿ ಬದಲಾಗುತ್ತದೆ, ಪೋಸ್ಟ್‌ಗಳ ಸಾರ್ವಜನಿಕ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು, ಹಾಗಾಗಿ 200 ಎಂಬ ಯಶಸ್ಸಿನ ಸಂಖ್ಯೆಯೇ ಮರಳಿ ಬರುತ್ತಿತ್ತು, ಸೈಟಿನಲ್ಲಿ ಮಾತ್ರ ಏನೂ ಸೇರುತ್ತಿರಲಿಲ್ಲ.

401 ಹೋಗಿ 403 ಬಂದರೆ ನೆಮ್ಮದಿ ಪಡಬಹುದು: ಗುರುತು ತಲುಪಿದೆ, ಇನ್ನು ನೋಡಬೇಕಾದದ್ದು ಪಾತ್ರ. ‘ಕಾಂಟ್ರಿಬ್ಯೂಟರ್’ ಪಾತ್ರದವರು ಕರಡು ಬರೆಯಬಹುದು, ಪ್ರಕಟಿಸಲಾಗದು, ಚಿತ್ರವನ್ನೂ ಏರಿಸಲಾಗದು. ಪಠ್ಯ ಹೋಗುತ್ತದೆ, ಚಿತ್ರ ಹೋಗುವುದಿಲ್ಲ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ. ‘ಆಥರ್’ ಪಾತ್ರ ಕೊಟ್ಟರೆ ಸಾಕು; ಈ ಒಂದು ಕಾರಣಕ್ಕೆ ಅಡ್ಮಿನ್ ಮಾಡಿಬಿಡುವುದು ಸೋಮಾರಿತನ.

ನಿನ್ನೆಯವರೆಗೆ ನಡೆದದ್ದು ಇಂದು ನಿಂತರೆ

ಯಾರೂ ಏನೂ ಮುಟ್ಟಿಲ್ಲ, ಆದರೂ ನಿಂತಿದೆ ಎಂದಾಗ ಕ್ಯಾಲೆಂಡರ್ ನೋಡಬೇಕು. ಫಿಗ್ಮಾದಲ್ಲಿ 2025ರ ಏಪ್ರಿಲ್ ಅಂತ್ಯದಿಂದ ಅವಧಿಯೇ ಇಲ್ಲದ ವೈಯಕ್ತಿಕ ಟೋಕನ್ ಮಾಡಲು ಬರುವುದಿಲ್ಲ. ಹೆಚ್ಚೆಂದರೆ 90 ದಿನ. ವೆಬ್‌ಫ್ಲೋದ ಸೈಟ್ ಟೋಕನ್ 365 ದಿನ ಸತತವಾಗಿ ಬಳಸದಿದ್ದರೆ ಸಾಯುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಜಾತ್ರೆಯ ಹೊತ್ತಿಗೆ ಮಾತ್ರ ಬದಲಾಗುವ ಸೈಟುಗಳು ಇದಕ್ಕೆ ಸುಲಭದ ತುತ್ತು. ಹೊಸ ಟೋಕನ್ ಹಾಕಿದ ಮೇಲೂ ಫಿಗ್ಮಾ ಒಪ್ಪದಿದ್ದರೆ ಹೆಡರಿನ ಹೆಸರು ನೋಡಿ: ವೈಯಕ್ತಿಕ ಟೋಕನ್ ಹೋಗುವುದು ‘ಎಕ್ಸ್-ಫಿಗ್ಮಾ-ಟೋಕನ್’ ಹೆಡರಿನಲ್ಲಿ, ಓಆತ್ ಟೋಕನ್ ಹೋಗುವುದು ‘ಆಥರೈಸೇಷನ್’ ಹೆಡರಿನಲ್ಲಿ ‘ಬೇರರ್’ ಎಂಬ ಪದದೊಂದಿಗೆ.

ಕ್ಯಾಲೆಂಡರಿನಲ್ಲಿ ಉತ್ತರ ಸಿಗದಿದ್ದರೆ ಹಾಜರಿ ಪುಸ್ತಕ ನೋಡಬೇಕು. ಜೋಡಣೆ ಮಾಡಿದವರು ಕೆಲಸ ಬಿಟ್ಟು, ಅವರ ಖಾತೆಯನ್ನು ತಂಡದಿಂದ ತೆಗೆದಿದ್ದರೆ, ಅವರ ಹೆಸರಿನ ಪತ್ರವೂ ಅವರೊಂದಿಗೆ ಹೋಗುತ್ತದೆ.

ಇನ್ನೊಂದು ದೋಷ ಅನುಮತಿಯದ್ದೆಂದು ತೋರುವುದೇ ಇಲ್ಲ: ಸೈಟಿನ ಚಿತ್ರಗಳು ಕೆಲವು ವಾರ ಚೆನ್ನಾಗಿದ್ದು, ಒಂದು ಬೆಳಿಗ್ಗೆ ಒಟ್ಟಿಗೆ ಮುರಿದು ಕಾಣುತ್ತವೆ. ಫಿಗ್ಮಾದ ಎಪಿಐ ರಫ್ತು ಮಾಡಿಕೊಡುವ ಚಿತ್ರದ ಕೊಂಡಿ 30 ದಿನಗಳಲ್ಲಿ ಮುಗಿಯುತ್ತದೆ. ವಿನ್ಯಾಸದ ಒಳಗೆ ತುಂಬಿದ ಚಿತ್ರಗಳ ಕೊಂಡಿಗೆ ಹೆಚ್ಚೆಂದರೆ 14 ದಿನ. ಪ್ಲಗಿನ್ ಅಥವಾ ಸ್ಕ್ರಿಪ್ಟ್ ಚಿತ್ರವನ್ನು ಇಳಿಸಿಕೊಳ್ಳದೆ ಕೊಂಡಿಯನ್ನಷ್ಟೇ ಪುಟದಲ್ಲಿ ಬರೆದಿದ್ದರೆ ಹೀಗಾಗುತ್ತದೆ. ಟೋಕನ್ ಬದಲಿಸಿ ಪ್ರಯೋಜನವಿಲ್ಲ. ಚಿತ್ರಗಳನ್ನು ಮತ್ತೆ ತರಿಸಿ, ಈ ಸಲ ಸೈಟಿನ ಮೀಡಿಯಾ ಸಂಗ್ರಹದಲ್ಲೇ ಇಡಬೇಕು.

ಇಷ್ಟಾದರೂ ಬಗೆಹರಿಯದೆ ಸಾಧನದ ಸಹಾಯವಾಣಿಗೆ ಬರೆಯುವುದಾದರೆ ಸಂಖ್ಯೆ, ಅದರ ಜೊತೆಗಿದ್ದ ಪಠ್ಯ, ಕೋರಿಕೆ ಹೋದ ವಿಳಾಸ, ಸಮಯ ಮತ್ತು ಅದು ಭಾರತೀಯ ಕಾಲಮಾನವೆಂಬ ಟಿಪ್ಪಣಿ ಇರಲಿ. ಅವರ ಲಾಗ್‌ಗಳು ಬಹುಶಃ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿರುತ್ತವೆ, ನಮಗಿಂತ ಐದೂವರೆ ಗಂಟೆ ಹಿಂದೆ. ಟೋಕನ್ ಕಾಣುವ ಪರದೆಚಿತ್ರವನ್ನು ಮಾತ್ರ ಕಳಿಸಬಾರದು. ಗಡಿಬಿಡಿಯಲ್ಲಿ ಕಳಿಸಿಬಿಟ್ಟಿದ್ದರೆ ಆ ಟೋಕನನ್ನು ಆಗಲೇ ರದ್ದು ಮಾಡಿ. ಪರೀಕ್ಷೆಗೆಂದು ಒಂದರ ಮೇಲೊಂದು ಸೃಷ್ಟಿಸಿದ ಹೊಸ ಟೋಕನ್‌ಗಳನ್ನೂ ಕೆಲಸ ಮುಗಿದ ದಿನವೇ ಅಳಿಸಿ. ನಮ್ಮ ಆ ಸಹಕಾರ ಸಂಘದ ಸೈಟಿನಲ್ಲಿ ‘ಟೆಸ್ಟ್’, ‘ಟೆಸ್ಟ್2’, ‘ಟೆಸ್ಟ್ ಹೊಸದು’ ಎಂಬ ಮೂರು ಅಪ್ಲಿಕೇಷನ್ ಪಾಸ್‌ವರ್ಡ್‌ಗಳು ಎಷ್ಟೋ ತಿಂಗಳು ಹಾಗೇ ಬಿದ್ದಿದ್ದವು.